ಜರ್ಮನಿಯ ರಾತ್ರಿಗಳು – 17: ಕೆಳಗೆ ಏನು ಹಾಸಿದ್ದೆ?

ಹೋದ ಭಾನುವಾರ ಒಂದು ಫೋಟೋ ಹಾಕಿದ್ದೆ. ಮೈನಸ್ ನಾಲ್ಕು ಡಿಗ್ರಿ, ಎರಡು ಮರದ ನಡುವೆ ಕಟ್ಟಿದ ಹ್ಯಾಮಕ್, ಮೂಗು ಮಾತ್ರ ಹೊರಗೆ ಕಾಣುವ ನಾನು. ಅರ್ಧ ಜನ "ಅಬ್ಬಾ, ಏನು ಧೈರ್ಯ" ಅಂದಿರಿ. ಇನ್ನರ್ಧ ಜನ "ತಲೆ ಸರಿ ಇದೆಯಾ ಸಿಸ್ಟರ್" ಅಂದಿರಿ. ಎರಡಕ್ಕೂ ಧನ್ಯವಾದ. ಆದರೆ ಈಚೆಗೆ ಇಲ್ಲಿಗೆ ಬಂದಿರುವ ಒಬ್ಬ ನರ್ಸ್ ಹುಡುಗಿ ಇನ್‌ಬಾಕ್ಸಿನಲ್ಲಿ ಕೇಳಿದ ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು: "ಅಕ್ಕಾ, ಆ ಚಳೀನ ಹೇಗೆ ತಡ್ಕೊಂಡ್ರಿ?"

ತಡ್ಕೊಳ್ಳಲಿಲ್ಲ ಕಣಮ್ಮ. ತಡ್ಕೊಳ್ಳುವ ಪ್ರಸಂಗವೇ ಬಾರದ ಹಾಗೆ ನೋಡಿಕೊಂಡೆ. ಅದಕ್ಕೂ ಮೊದಲು ಒಂದು ಸಲ ತಡ್ಕೊಳ್ಳಲು ಹೋಗಿದ್ದೆ. ಆ ಫೋಟೋ ಹಾಕಿರಲಿಲ್ಲ. ಇವತ್ತು ಆ ಕಥೆ ಹೇಳುತ್ತೇನೆ, ಯಾಕೆಂದರೆ ಈ "ತಡ್ಕೊಳ್ಳೋದು" ಅನ್ನುವ ಗುಣದ ಬಗ್ಗೆ ನನಗೊಂದು ಜಗಳ ಇದೆ.

ನಾನಿರುವುದು ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯದಲ್ಲಿ. ಮನೆಯಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಫೆಲ್ಟ್ಸರ್‌ವಾಲ್ಡ್ ಕಾಡು. ಜರ್ಮನಿಯ ದೊಡ್ಡ ಅಖಂಡ ಕಾಡುಗಳಲ್ಲಿ ಇದೂ ಒಂದು. ಗಡಿಯಾಚೆ ಫ್ರಾನ್ಸಿನ ಉತ್ತರ ವೋಜ್ ಬೆಟ್ಟಗಳ ಜೊತೆ ಸೇರಿ 1998ರಿಂದ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶ. ಬೀಚ್, ಓಕ್, ಪೈನ್ ಮರಗಳು; ನಡುನಡುವೆ ಕೆಂಪು ಮರಳುಗಲ್ಲಿನ ಬಂಡೆಗಳು. ನಮ್ಮ ಮಲೆನಾಡಿನ ಕಾಡಿನಷ್ಟು ದಟ್ಟ ಅಲ್ಲ, ಜಿಗಣೆಯೂ ಇಲ್ಲ. ಆದರೆ ರಾತ್ರಿ ಅದೇ ಮೌನ.

ಯಾಕೆ ಹೋಗುತ್ತೀಯ ಎಂದು ಅಮ್ಮ ಪ್ರತಿಸಲ ಕೇಳುತ್ತಾಳೆ. "ಮನೇಲಿ ಹಾಸಿಗೆ ಇಲ್ವನೇ? ಹೀಟರ್ ಇಲ್ವನೇ? ಎಂಥಕ್ಕೆ ಆ ಕಾಡಲ್ಲಿ ನೇತಾಡೋದು?" ಉತ್ತರ ಸರಳ. ನಾನು ಸರ್ಜರಿ ವಾರ್ಡಿನವಳು, ತಿಂಗಳಲ್ಲಿ ಏಳೆಂಟು ರಾತ್ರಿ ಪಾಳಿ. ವಾರ್ಡಿನಲ್ಲಿ ರಾತ್ರಿ ಎಂದರೆ ಬೆಲ್ಲು. ರಜೆಯ ದಿನ ಮನೆಯಲ್ಲಿ ಮಲಗಿದರೂ ಮೂರು ಗಂಟೆಗೆ ಇಲ್ಲದ ಬೆಲ್ಲು ಕೇಳಿ ಎದ್ದು ಕೂರುತ್ತೇನೆ. ಯಾರೂ ಕರೆಯಲು ಸಾಧ್ಯವೇ ಇಲ್ಲದ ಒಂದು ರಾತ್ರಿ ನನಗೆ ಬೇಕಿತ್ತು. ಬೇಸಿಗೆಯಲ್ಲಿ ಎರಡು ಮೂರು ಸಲ ಹೋಗಿ ಬಂದೆ, ಚೆನ್ನಾಗಿ ನಿದ್ದೆ ಬಂತು. ಧೈರ್ಯ ಬಂತು. ನವೆಂಬರಿನಲ್ಲೂ ಹೊರಟೆ.

ಈ ಕಾಡಿನಲ್ಲಿ ಚಾರಣಿಗರಿಗೆಂದೇ ಬುಕ್ ಮಾಡುವ ರಾತ್ರಿ ತಂಗುವ ಜಾಗಗಳಿವೆ, ಆದರೆ ಅವು ಅಕ್ಟೋಬರ್ ಕೊನೆಗೆ ಮುಚ್ಚುತ್ತವೆ. ನಮ್ಮ ವಾರ್ಡಿನ ಹಿರಿಯ ಸಹೋದ್ಯೋಗಿಯ ಅಪ್ಪನಿಗೆ ಅಲ್ಲೇ ಒಂದಿಷ್ಟು ಸ್ವಂತ ಕಾಡಿದೆ. ಜರ್ಮನಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಾಡು ಖಾಸಗಿಯವರದೇ, ನಮ್ಮಲ್ಲಿ ಅಡಿಕೆ ತೋಟ ಇರುವ ಹಾಗೆ. ಅವರ ಒಪ್ಪಿಗೆ ಕೇಳಿದೆ, ಕೊಟ್ಟರು. ಮುಸ್ಸಂಜೆಗೆ ಹೋಗಿ ಹ್ಯಾಮಕ್ ಕಟ್ಟಿದೆ. ಮೇಲೆ ಟಾರ್ಪಾಲಿನ ಸೂರು. ಸ್ಲೀಪಿಂಗ್ ಬ್ಯಾಗಿನ ಮೇಲೆ ಮೈನಸ್ ಐದು ಎಂದು ಬರೆದಿತ್ತು. ಫೋನ್ ತೋರಿಸಿದ್ದು ಒಂದು ಡಿಗ್ರಿ. ಆರು ಡಿಗ್ರಿ ಕೈಯಲ್ಲಿದೆಯಲ್ಲ ಎಂದುಕೊಂಡೆ.

ಹನ್ನೊಂದು ಗಂಟೆಗೆ ಬೆನ್ನು ತಣ್ಣಗಾಯಿತು. ಎದೆಯ ಮೇಲೆ ಬೆಚ್ಚಗಿದೆ, ಬೆನ್ನ ಕೆಳಗೆ ಯಾರೋ ಐಸ್ ನೀರಿನ ಬಟ್ಟೆ ಹಿಡಿದ ಹಾಗೆ. ಮಗ್ಗುಲು ತಿರುಗಿದರೆ ಆ ಮಗ್ಗುಲು ತಣ್ಣಗೆ. ಒಂದು ಗಂಟೆಗೆ ನಡುಕ ಶುರು. ಎದ್ದು ಹೋಗಬಹುದಿತ್ತು, ಕಾರು ಇದ್ದದ್ದು ನಾನೂರು ಮೀಟರ್ ದೂರದಲ್ಲಿ. ಹೋಗಲಿಲ್ಲ. "ಇನ್ನು ಸ್ವಲ್ಪ ಹೊತ್ತು, ಬೆಳಗಾಗ್ತದೆ, ತಡ್ಕೋ" ಎಂದು ನನಗೆ ನಾನೇ ಹೇಳಿಕೊಂಡೆ. ನವೆಂಬರಿನಲ್ಲಿ ಇಲ್ಲಿ ಬೆಳಗಾಗುವುದು ಏಳೂವರೆಗೆ!

ನಾಲ್ಕು ಗಂಟೆಗೆ ಮೂತ್ರಕ್ಕೆ ಹೋಗದೆ ನಿರ್ವಾಹವಿರಲಿಲ್ಲ. ಬ್ಯಾಗಿನ ಜಿಪ್ ಹಿಡಿಯಲು ಬೆರಳು ಬರಲಿಲ್ಲ. ಟಾರ್ಚ್ ಎರಡು ಸಲ ಕೈಜಾರಿತು. ಆಗ ಹೆದರಿಕೆಯಾಯಿತು, ಕಾರಿಗೆ ಹೋಗಿಬಿಡೋಣ ಎಂದು ಕೀಲಿ ಹುಡುಕಿದೆ. ಆ ಜೇಬು, ಈ ಜೇಬು, ಮತ್ತೆ ಅದೇ ಜೇಬು. ಕೀಲಿ ನನ್ನ ಕತ್ತಿನ ದಾರದಲ್ಲೇ ಇತ್ತು. ಹೇಗೋ ಕಾರು ಸೇರಿ, ಹೀಟರ್ ಹಾಕಿ, ಮುಕ್ಕಾಲು ಗಂಟೆ ಗಡಗಡ ನಡುಗಿದೆ. ನಡುಕ ಪೂರ್ತಿ ನಿಲ್ಲುವವರೆಗೆ ಕಾರು ಓಡಿಸಲಿಲ್ಲ. ಆ ರಾತ್ರಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು.

ಯೋಚಿಸಿ, ನಾನು ನರ್ಸ್. ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ ಎಂದು ಮೊದಲ ವರ್ಷದ ಬಿಎಸ್‌ಸಿಯಲ್ಲೇ ಓದಿದವಳು. ಮೊದಲು ನಡುಕ, ಕೈ ತಡವರಿಸುವುದು, ಮಾತು ತೊದಲುವುದು, ಕಾಲು ಎಡವುವುದು, ಮಂಕು ಕವಿಯುವುದು. ಇನ್ನೂ ಕೆಳಗಿಳಿದರೆ ನಡುಕವೇ ನಿಂತುಹೋಗುತ್ತದೆ, ಆಗ ರೋಗಿ "ಈಗ ಪರವಾಗಿಲ್ಲ" ಅನ್ನುತ್ತಾರೆ. ಕೆಲವರು ಸೆಖೆ ಎಂದು ಬಟ್ಟೆ ಬಿಚ್ಚುವುದೂ ಉಂಟು. ಚಳಿಯ ಮೋಸ ಇರುವುದೇ ಇಲ್ಲಿ. ಅದು ಮೊದಲು ಕೈಹಾಕುವ ಜಾಗಗಳಲ್ಲಿ ನಮ್ಮ ತೀರ್ಮಾನ ಮಾಡುವ ಶಕ್ತಿಯೂ ಒಂದು. ಒಂದು ಗಂಟೆಗೆ "ಏಳೋಣ" ಎಂದು ತೀರ್ಮಾನಿಸಬಲ್ಲ ತಲೆ ನಾಲ್ಕು ಗಂಟೆಗೆ ಇರುವುದಿಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರು ನೋಡಿ ಹೇಳಿಯಾರು. ಒಬ್ಬಳೇ ಇದ್ದಾಗ ರೋಗಿಯೂ ನಾನೇ, ನರ್ಸೂ ನಾನೇ. ರೋಗಿಗೆ ಮಂಕಾದರೆ ನರ್ಸಿಗೂ ಮಂಕು.

ಎಲ್ಲಿ ತಪ್ಪಿತು? ಎರಡು ಕಡೆ.

ಒಂದು, ಆ ಮೈನಸ್ ಐದು. ಯೂರೋಪಿನಲ್ಲಿ ಸ್ಲೀಪಿಂಗ್ ಬ್ಯಾಗಿನ ಉಷ್ಣತೆ ಅಳೆಯಲು ಒಂದು ಮಾನದಂಡವಿದೆ, ಐಎಸ್‌ಒ 23537. ಅದರಲ್ಲಿ ಎರಡು ಅಂಕಿ ಮುಖ್ಯ. 'ಕಂಫರ್ಟ್' ಅಂಕಿ ಲೆಕ್ಕ ಹಾಕುವುದು ಒಬ್ಬ ಮಾದರಿ ಹೆಂಗಸಿನ ಮೇಲೆ, ಆರಾಮಾಗಿ ಮಲಗಿದ ಭಂಗಿಯಲ್ಲಿ. 'ಲಿಮಿಟ್' ಅಂಕಿ ಒಬ್ಬ ಮಾದರಿ ಗಂಡಸಿನ ಮೇಲೆ, ಅದೂ ಮುದುರಿ ಮಲಗಿದರೆ ಎಂದು. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಇದ್ದದ್ದು ಲಿಮಿಟ್. ನನಗೆ ಸಂಬಂಧಪಟ್ಟ ಕಂಫರ್ಟ್ ಒಳಗಿನ ಚೀಟಿಯಲ್ಲಿ ಸಣ್ಣಗೆ, ಪ್ಲಸ್ ಒಂದು ಎಂದಿತ್ತು. ಮೇಲಾಗಿ ಈ ಪರೀಕ್ಷೆ ನಡೆಯುವುದು ಕೆಳಗೆ ಮ್ಯಾಟ್ ಹಾಸಿ, ಗಾಳಿಯಲ್ಲಿ ನೇತುಹಾಕಿ ಅಲ್ಲ.

ಎರಡನೆಯದು ಅದಕ್ಕಿಂತ ದೊಡ್ಡದು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರ ಪುಕ್ಕದಿಂದಲ್ಲ, ಪುಕ್ಕದ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಮೈಭಾರಕ್ಕೆ ಬೆನ್ನ ಕೆಳಗಿನ ಪುಕ್ಕ ಅಮುಕಿ ಕಾಗದದ ಹಾಗಾಗುತ್ತದೆ. ನೆಲದ ಮೇಲಾದರೆ ಮ್ಯಾಟ್ ಇರುತ್ತದೆ. ಹ್ಯಾಮಕ್ಕಿನಲ್ಲಿ ಕೆಳಗೆ ಇರುವುದು ತೆಳು ಬಟ್ಟೆ, ಅದರಡಿ ಬೀಸುವ ಗಾಳಿ. ಹ್ಯಾಮಕ್ಕಿಗೆ ಜರ್ಮನ್ನರು 'ಹೆಂಗೆಮಾಟ್ಟೆ' ಎನ್ನುತ್ತಾರೆ, ಹೆಂಗೆ ಅಂದರೆ ತೂಗು, ಮಾಟ್ಟೆ ಅಂದರೆ ಚಾಪೆ. ಅಚ್ಚ ಜರ್ಮನ್ ಪದದ ಹಾಗೆ ಕೇಳುತ್ತದೆ, ಆದರೆ ಮೂಲ ಕೆರಿಬಿಯನ್ ದ್ವೀಪಗಳ ತೈನೋ ಜನರ ಮಾತು. ಸ್ಪ್ಯಾನಿಷ್, ಡಚ್ ಬಾಯಲ್ಲಿ ಹಾದು ಇಲ್ಲಿಗೆ ಬರುವಾಗ ವೇಷ ಬದಲಾಗಿದೆ. ಅದು ಸೆಖೆ ನಾಡಿನ ಹಾಸಿಗೆ. ಕೆಳಗಿಂದ ಗಾಳಿ ಆಡಲಿ ಎಂದೇ ಕಟ್ಟಿದ್ದು. ಅಲ್ಲಿ ಯಾವುದು ಸುಖವೋ ಇಲ್ಲಿ ಅದೇ ಅಪಾಯ. ನಮ್ಮಂಥವರ ಹಾಗೇ, ಇಲ್ಲಿ ಬಾಳಬೇಕಾದರೆ ಅದಕ್ಕೂ ಕೆಳಗೊಂದು ಆಸರೆ ಬೇಕು.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಹೇಳಿದವಳು ಅಮ್ಮ. ಮರುದಿನ ಫೋನಿನಲ್ಲಿ ಎಲ್ಲ ಒಪ್ಪಿಸಿದೆ. ಬೈಯುತ್ತಾಳೆ ಎಂದು ಕಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಕೆಳಗೆ ಏನು ಹಾಸಿದ್ದೆ?"

ಏನೂ ಇಲ್ಲ ಎಂದೆ.

"ಜೋಲೀಲಿ ಮಲಗೋರಿಗೆ ಚಳಿ ಹತ್ತೋದು ಕೆಳಗಿಂದ ಕಣೇ. ನಿನ್ನ ಅಜ್ಜಿಗೆ ಕೆಳಗೆ ಎರಡು ಕಂಬಳಿ, ನಡುವೆ ಒಣಹುಲ್ಲು ಹಾಕಿದ್ರು. ಮರೆತುಹೋಯ್ತಾ?"

ಮರೆತಿರಲಿಲ್ಲ. ನನಗಾಗ ಏಳು ವರ್ಷ. ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ಮಳೆಗಾಲದಲ್ಲಿ ಜೀಪು ಬರುತ್ತಿರಲಿಲ್ಲ, ರಸ್ತೆ ಇದ್ದದ್ದು ಮೂರು ಮೈಲಿ ಆಚೆ. ಅಜ್ಜಿಗೆ ಜ್ವರ, ಕೆಮ್ಮು. ಕೇಳಿದವರಿಗೆಲ್ಲ "ಎಂಥ ಇಲ್ಲ, ಸರಿಯಾಗ್ತದೆ" ಎನ್ನುತ್ತಿದ್ದಳು. ನಾಲ್ಕು ದಿನ ಹಾಗೇ ಒಲೆ ಮುಂದೆ ಕೂತು ಎಲ್ಲರಿಗೂ ಬಡಿಸಿದಳು. ಐದನೆಯ ದಿನ ಏಳಲಿಲ್ಲ. ಊರವರು ಬಿದಿರಿಗೆ ಕಂಬಳಿ ಜೋಲಿ ಕಟ್ಟಿ, ನಾಲ್ಕು ಜನ ಹೆಗಲು ಬದಲಾಯಿಸುತ್ತ, ಮಳೆಯಲ್ಲಿ ರಸ್ತೆ ಮುಟ್ಟಿಸಿದರು. ನ್ಯುಮೋನಿಯಾ. ಎರಡು ದಿನ ಮುಂಚೆ ತಂದಿದ್ದರೆ ಎಂದರಂತೆ ಡಾಕ್ಟರು. ಅಜ್ಜಿ ವಾಪಸು ಬರಲಿಲ್ಲ. ಆಮೇಲೆ ಹದಿನೈದು ದಿನ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಎಂಥಾ ತಾಳ್ಮೆ ಮಾರಾಯ್ತಿ ಅವಳದ್ದು. ಒಂದು ದಿನ ನೋವು ಅಂದವಳಲ್ಲ."

ನನ್ನ ಜಗಳ ಇರುವುದು ಈ ಹೊಗಳಿಕೆಯ ಜೊತೆಗೆ. ಅಜ್ಜಿಗೆ ಬೇರೆ ದಾರಿ ಕಡಿಮೆ ಇತ್ತು, ಒಪ್ಪುತ್ತೇನೆ. ರಸ್ತೆ ಇಲ್ಲ, ದುಡ್ಡಿಲ್ಲ, ಗದ್ದೆ ಕೆಲಸದ ದಿನ. ಅಮ್ಮ ಸಹಿಸಿಕೊಂಡದ್ದರಿಂದಲೇ ನಾನು ಮಂಗಳೂರಿಗೆ ಓದಲು ಹೋದೆ, ಅದನ್ನೂ ಒಪ್ಪುತ್ತೇನೆ. ದಾರಿ ಇಲ್ಲದಾಗ ತಡೆದುಕೊಳ್ಳುವುದು ಗತಿ. ದಾರಿ ಇದ್ದಾಗಲೂ ತಡೆದುಕೊಳ್ಳುವುದನ್ನು ಗುಣ ಎಂದು ಹೊಗಳಿ, ಹೆಣ್ಣುಮಕ್ಕಳಿಗೆ ಕಲಿಸಿದ್ದೇವಲ್ಲ, ಅದು ಸರಿಯಲ್ಲ ಅನ್ನುವುದು ನನ್ನ ವಾದ. ನಾನೂರು ಮೀಟರ್ ದೂರದಲ್ಲಿ ಕಾರು ಇಟ್ಟುಕೊಂಡು ಮೂರು ಗಂಟೆ ನಡುಗಿದ ನನಗೆ ಆ ರಾತ್ರಿ ಯಾರು ಒತ್ತಾಯ ಮಾಡಿದ್ದರು?

ಎರಡನೆಯ ಸಲ ಹೊರಡುವ ಮೊದಲು ಒಂದು ವರ್ಷ ತಗೊಂಡೆ. ಏನೇನು ಬದಲಾಯಿಸಿದೆ ಎಂದು ಕೇಳಿದವರಿಗೆ ಇಲ್ಲಿದೆ.

ಹ್ಯಾಮಕ್ಕಿನ ಹೊರಗೆ, ಕೆಳಗೆ ತೂಗುಹಾಕುವ ಪುಕ್ಕದ ಹೊದಿಕೆ ಸಿಗುತ್ತದೆ, ಅಂಡರ್‌ಕ್ವಿಲ್ಟ್ ಅಂತ. ಹೊರಗಿರುವುದರಿಂದ ಮೈಭಾರಕ್ಕೆ ಅಮುಕುವುದಿಲ್ಲ, ಗಾಳಿ ಅದರಲ್ಲೇ ನಿಲ್ಲುತ್ತದೆ. ಹೊಸದಕ್ಕೆ ಬೆಲೆ ಜಾಸ್ತಿ, ನಾನು ಬಳಸಿದ್ದನ್ನು 90 ಯೂರೋಗೆ ಕೊಂಡೆ. ಅದಾಗದಿದ್ದರೆ ಒಳಗೆ ಫೋಮ್ ಮ್ಯಾಟ್ ಹಾಸಬಹುದು, ರಾತ್ರಿ ಜಾರುತ್ತದೆ ಅಷ್ಟೆ. ಸ್ಲೀಪಿಂಗ್ ಬ್ಯಾಗು ಕಂಫರ್ಟ್ ಅಂಕಿ ನೋಡಿಯೇ. ಟಾರ್ಪಾಲನ್ನು ಗಾಳಿ ಬರುವ ಕಡೆಗೆ ನೆಲದವರೆಗೆ ಇಳಿಸಿ ಕಟ್ಟುತ್ತೇನೆ. ಹ್ಯಾಮಕ್ಕಿನಲ್ಲಿ ನೇರಕ್ಕೆ ಮಲಗದೆ ಓರೆಯಾಗಿ ಮಲಗಿದರೆ ಬೆನ್ನು ಬಿಲ್ಲಿನ ಹಾಗೆ ಬಗ್ಗುವುದಿಲ್ಲ. ಮರಕ್ಕೆ ಹಗ್ಗ ಬೇಡ, ಅಗಲ ಪಟ್ಟಿ ಬೇಕು. ಬೀಚ್ ಮರದ ತೊಗಟೆ ತೆಳು, ಹಗ್ಗ ಕಚ್ಚುತ್ತದೆ. ಕಟ್ಟುವ ಮುಂಚೆ ತಲೆ ಎತ್ತಿ ನೋಡಿ, ಒಣಗಿದ ಕೊಂಬೆ ಇದ್ದರೆ ಬೇರೆ ಮರ. 2018ರಿಂದ ಆದ ಬರಗಾಲಗಳಲ್ಲಿ ಇಲ್ಲಿ ಒಣಗಿದ ಮರ ಬಹಳ.

ಇನ್ನೊಂದು ಪಾಠ ವಾರ್ಡಿನದೇ. ಆಪರೇಷನ್ನಿಗೆ ಹೋಗುವ ರೋಗಿಗೆ ಅರಿವಳಿಕೆ ಕೊಡುವ ಮುಂಚೆ 10ರಿಂದ 30 ನಿಮಿಷ ಬಿಸಿಗಾಳಿಯ ಹೊದಿಕೆ ಹಾಕಿ ಮೈ ಬೆಚ್ಚಗೆ ಮಾಡುತ್ತೇವೆ. ತಣ್ಣಗಾದ ಮೇಲೆ ಬಿಸಿ ಮಾಡುವುದು ಕಷ್ಟ, ತಣ್ಣಗಾಗದ ಹಾಗೆ ನೋಡಿಕೊಳ್ಳುವುದು ಸುಲಭ. ಕಾಡಿನಲ್ಲೂ ಅಷ್ಟೇ. ಬಿಸಿ ಊಟ ಮಾಡಿ, ಸ್ವಲ್ಪ ಓಡಾಡಿ ಮೈ ಬೆಚ್ಚಗಾದ ಮೇಲೆ ಚೀಲದೊಳಗೆ ಹೋಗಬೇಕು, ಬೆವರುವಷ್ಟು ಅಲ್ಲ. ಮಲಗಲು ಒಣ ಉಣ್ಣೆಯ ಬಟ್ಟೆ, ಹತ್ತಿ ಬೇಡ. ಬಿಸಿನೀರಿನ ರಬ್ಬರ್ ಚೀಲ ಇಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ, ಬಟ್ಟೆ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಮೂಗು ಬಾಯಿ ಚೀಲದ ಹೊರಗಿರಲಿ, ಉಸಿರಿನ ತೇವ ಪುಕ್ಕವನ್ನು ಒದ್ದೆ ಮಾಡುತ್ತದೆ. ಚಳಿಗೆ ಮೂತ್ರ ಜಾಸ್ತಿ ಬರುತ್ತದೆ, ತಡೆಯಬೇಡಿ, ಎದ್ದು ಹೋಗಿ. ಮದ್ಯ ಬೇಡವೇ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಹಾಗೆ ತೋರಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ಕಾನೂನು ಎರಡು ಮಾತಲ್ಲಿ: ಇಲ್ಲಿ ವಿಹಾರಕ್ಕೆ ಕಾಡಿಗೆ ಕಾಲಿಡುವ ಹಕ್ಕು ಎಲ್ಲರಿಗೂ ಇದೆ, 1975ರ ಒಕ್ಕೂಟ ಅರಣ್ಯ ಕಾನೂನಿನಲ್ಲೇ ಇದೆ. ರಾತ್ರಿ ತಂಗುವುದು ಬೇರೆ ವಿಷಯ, ರಾಜ್ಯಕ್ಕೊಂದು ನಿಯಮ. "ಹ್ಯಾಮಕ್ ಟೆಂಟ್ ಅಲ್ಲವಲ್ಲ" ಎಂದು ವಾದಿಸುವವರಿದ್ದಾರೆ. ವಾದ ಬೇಡ, ಕಾಡಿನ ಒಡೆಯರನ್ನು ಕೇಳಿ. ಕೇಳಿದರೆ ಇನ್ನೊಂದು ಲಾಭ ಇದೆ: ಚಳಿಗಾಲ ಇಲ್ಲಿ ಗುಂಪು ಬೇಟೆಯ ಕಾಲ, ಯಾವ ದಿನ ಬೇಟೆ ಎಂದು ಅವರಿಗೆ ಗೊತ್ತಿರುತ್ತದೆ. ಬೆಂಕಿ ಹಾಕುವ ಆಸೆ ಬಿಡಿ, ಬಹುತೇಕ ರಾಜ್ಯಗಳಲ್ಲಿ ಕಾಡಿನ 100 ಮೀಟರ್ ಒಳಗೆ ಅನುಮತಿಯಿಲ್ಲದೆ ಬೆಂಕಿ ಹಾಕುವಂತಿಲ್ಲ.

"ಒಬ್ಬಳೇ ಹೆಂಗಸು, ಭಯ ಇಲ್ವಾ?" ಇದೆ. ಕಾಡುಹಂದಿ ಎಲೆ ಕೆದಕುವ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. 2016ರಿಂದ 2020ರ ನಡುವೆ ಈ ಕಾಡಿಗೆ 20 ಲಿಂಕ್ಸ್ ಬೆಕ್ಕುಗಳನ್ನು ಬಿಟ್ಟಿದ್ದಾರೆ, ಅವು ನಮ್ಮನ್ನು ಕಂಡರೆ ಓಡುತ್ತವೆ, ಕಾಣುವ ಭಾಗ್ಯ ನನಗಿನ್ನೂ ಬಂದಿಲ್ಲ. ರಾತ್ರಿ ಪಾಳಿ ಮುಗಿಸಿ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬಳೇ ನಿಂತಾಗಿನಷ್ಟು ಭಯ ಕಾಡಿನಲ್ಲಿ ಆಗುವುದಿಲ್ಲ. ಇದು ನನ್ನ ಅನುಭವ, ನಿಮ್ಮದು ಬೇರೆ ಇರಬಹುದು. ಸಹೋದ್ಯೋಗಿಗೆ ಜಾಗದ ನಕ್ಷೆ ಕಳಿಸಿರುತ್ತೇನೆ. ಬೆಳಗ್ಗೆ ಎಂಟಕ್ಕೆ ನನ್ನ ಮೆಸೇಜ್ ಬರದಿದ್ದರೆ ಫೋನ್ ಮಾಡುತ್ತಾಳೆ, ಎತ್ತದಿದ್ದರೆ 112. ಕಾಡಿನ ದಾರಿಯಲ್ಲಿ ಅಲ್ಲಲ್ಲಿ ಹಸಿರು ಫಲಕದ ಮೇಲೆ ಬಿಳಿ ಶಿಲುಬೆ, ಕೆಳಗೊಂದು ಸಂಖ್ಯೆ ಕಾಣುತ್ತದೆ. ಅದು ತುರ್ತು ಸ್ಥಳದ ಗುರುತು, ಆ ಸಂಖ್ಯೆ ಹೇಳಿದರೆ ಆಂಬುಲೆನ್ಸಿಗೆ ಜಾಗ ತಿಳಿಯುತ್ತದೆ. ಹತ್ತಿರದ್ದರ ಸಂಖ್ಯೆ ಬರೆದುಕೊಂಡೇ ಮಲಗುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದ ತಯಾರಿಗೆ ದುಡ್ಡು ಬೇಕಿಲ್ಲ. ಹಗಲಲ್ಲೇ, ತಲೆ ಸರಿ ಇರುವಾಗ, ಒಂದು ಚೀಟಿ ಬರೆದು ಟಾರ್ಚಿಗೆ ಅಂಟಿಸಿದೆ: "ನಡುಕ ಬಂತು, ಹತ್ತು ನಿಮಿಷದಲ್ಲಿ ನಿಲ್ಲಲಿಲ್ಲ ಅಂದರೆ ಕಾರಿಗೆ ಹೋಗು. ಯೋಚಿಸಬೇಡ." ತೀರ್ಮಾನ ಮಾಡಬೇಕಾದವಳು ಹಗಲಿನ ನಾನು. ರಾತ್ರಿಯ ನಾನು ಪಾಲಿಸಿದರೆ ಸಾಕು.

ಮೈನಸ್ ನಾಲ್ಕರ ಆ ರಾತ್ರಿ ಚೀಟಿ ಬೇಕಾಗಲಿಲ್ಲ. ಒಂದು ಸಲ ಎದ್ದೆ, ಆಕಾಶ ನೋಡಿದೆ, ಮಲಗಿದೆ. ಏಳು ಗಂಟೆ ನಿದ್ದೆ. ಬೆಲ್ಲು ಕೇಳಲಿಲ್ಲ.

ಇನ್‌ಬಾಕ್ಸಿನಲ್ಲಿ ಕೇಳಿದ ಹುಡುಗಿಗೆ ಇಷ್ಟುದ್ದ ಬರೆದದ್ದು ಹ್ಯಾಮಕ್ ಕೊಳ್ಳಲಿ ಎಂದಲ್ಲ. ನಾವೆಲ್ಲ ಇಲ್ಲಿಗೆ ಬಂದ ಮೊದಲ ವರ್ಷ ಮಾಡುವುದು ಒಂದೇ ಕೆಲಸ, ತಡ್ಕೊಳ್ಳೋದು. ಭಾಷೆ ಅರೆಬರೆ, ಪರೀಕ್ಷೆ ಬಾಕಿ, ಕಾಂಟ್ರ್ಯಾಕ್ಟಿನ ಹೆದರಿಕೆ. ನಾನು ಮೊದಲು ಕೆಲಸ ಮಾಡಿದ ಕಡೆ ಒಂದು ರಾತ್ರಿ ಇಬ್ಬರಿರಬೇಕಾದಲ್ಲಿ ನಾನೊಬ್ಬಳೇ ಇದ್ದೆ, 34 ರೋಗಿಗಳು. ಯಾರಿಗೂ ಫೋನ್ ಮಾಡಲಿಲ್ಲ. ಬೆಳಗ್ಗೆ ಆರಕ್ಕೆ ಒಬ್ಬರ ಇನ್ಸುಲಿನ್ ಇನ್ನೊಬ್ಬರ ಟ್ರೇನಲ್ಲಿ ಇಟ್ಟಿದ್ದೆ. ಚುಚ್ಚುವ ಮೊದಲು ಕೈಪಟ್ಟಿಯ ಹೆಸರು ಕಣ್ಣಿಗೆ ಬಿತ್ತು. ಕತ್ತಿನಲ್ಲಿರುವ ಕೀಲಿಯನ್ನು ಜೇಬಿನಲ್ಲಿ ಹುಡುಕಿದ್ದೂ ಇದೇ ತಲೆ. ಅವತ್ತು ಹಿರಿಯ ನರ್ಸ್ ನನ್ನನ್ನು ಹೊಗಳಿದರು, ಒಬ್ಬಳೇ ನಿಭಾಯಿಸಿದೆ ಎಂದು.

ಈ ದೇಶದಲ್ಲಿ ಅದಕ್ಕೊಂದು ಕಾಗದವಿದೆ, ಗೆಫೇರ್ಡುಂಗ್ಸ್‌ಆನ್‌ತ್ಸೈಗೆ. ಸಿಬ್ಬಂದಿ ಸಾಲದು, ರೋಗಿಗೆ ಅಪಾಯವಾಗಬಹುದು ಎಂದು ಮೇಲಿನವರಿಗೆ ಬರೆದು ತಿಳಿಸುವುದು. ಅದು ದೂರು ಅಲ್ಲ, ಸೋಲೂ ಅಲ್ಲ. ಅನಾಹುತ ಆದ ಮೇಲೆ ಬರೆದರೆ ಪ್ರಯೋಜನವಿಲ್ಲ, ನಡುಕ ಶುರುವಾದಾಗಲೇ ಬರೆಯಬೇಕು. ಜ್ವರವಿದ್ದರೆ ರಜೆ ಹಾಕಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ. ಬರುವ ಮೊದಲೇ, ತಲೆ ಸರಿ ಇರುವಾಗಲೇ, ಯಾವ ಹಂತದಲ್ಲಿ ಎದ್ದು ಹೋಗುತ್ತೇನೆ ಎಂದು ಒಂದು ಚೀಟಿ ಬರೆದಿಟ್ಟುಕೊಳ್ಳಿ. ನಿಮ್ಮ ಕೆಳಗೆ ಏನು ಹಾಸಿದೆ ಎಂದು ನೋಡಿಕೊಳ್ಳಿ: ಹೇಳಿಕೊಳ್ಳಬಹುದಾದ ಒಬ್ಬ ಸಹೋದ್ಯೋಗಿ, ಎರಡು ತಿಂಗಳ ಬಾಡಿಗೆಯಷ್ಟು ಉಳಿತಾಯ, ಭಾನುವಾರ ಕನ್ನಡದಲ್ಲಿ ಮಾತಾಡಲು ಒಂದು ಮನೆ. ಮೇಲಿನ ಹೊದಿಕೆ ಎಷ್ಟೇ ದಪ್ಪ ಇರಲಿ, ಚಳಿ ಹತ್ತುವುದು ಕೆಳಗಿನಿಂದ.

ಭಾನುವಾರ ಬೆಳಗ್ಗೆ ಕಾರಿನಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

"ಕೆಳಗೆ ಏನು ಹಾಸಿದ್ದೆ?"

ಹೇಳಿದೆ. ಪುಕ್ಕದ್ದು, ಹೊರಗಿಂದ ಕಟ್ಟುವುದು, ಅದರೊಳಗೆ ಗಾಳಿ ನಿಲ್ಲುತ್ತದೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಸರಿ ಇದೆ," ಅಂದಳು. ಆಮೇಲೆ, "ಆದ್ರೂ ಇನ್ನು ಹೋಗ್ಬೇಡ."

ಫೆಬ್ರವರಿಯಲ್ಲಿ ಎರಡು ದಿನ ರಜೆ ಸಿಕ್ಕಿದೆ. ಅಮ್ಮ ಫೇಸ್‌ಬುಕ್ ನೋಡುವುದಿಲ್ಲ, ನೋಡುವ ಸಂಬಂಧಿಕರು ದಯವಿಟ್ಟು ಹೇಳಬೇಡಿ.